ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್

ಏನೆಲ್ಲ ತಪ್ಪಾಗಬಹುದಿತ್ತು! ಕಂಡೋಲೆನ್ಸೋ, ಕಂಡೋಲೆನ್ಸಸ್ಸೋ? ಡೀಪೆಸ್ಟೋ, ಹಾರ್ಟ್‌ಫೆಲ್ಟೋ? ಮೊಬೈಲು ತನ್ನ ಬುದ್ಧಿ ಓಡಿಸಿ ಕಂಗ್ರಾಜುಲೇಷನ್ಸ್ ಮಾಡಿಬಿಟ್ಟರೆ? ಕೈ ಮುಗಿಯುವ ಚಿತ್ರದ ಬದಲು ಪಕ್ಕದ ಚಪ್ಪಾಳೆ ಒತ್ತಿಹೋದರೆ? ನಮ್ಮ ಬಡಾವಣೆಯ ಗ್ರೂಪಿಗೆ ಹೋಗಿಬಿಟ್ಟರೆ? (ಅಲ್ಲಿ ಸತ್ತವರು ಯಾರೆಂದು ಕೇಳುವ ಮೊದಲೇ ಸಾಲಾಗಿ ಓಂ ಶಾಂತಿ ಬೀಳುತ್ತದೆ.)

ಹೊಸನಗರದ ಮಂಜಪ್ಪ ತೀರಿಕೊಂಡಿದ್ದ. ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಗೆಳೆಯ. ಮದುವೆ ಕಾರ್ಡಿನ ಕೊನೆಗೆ ಇಂಗ್ಲಿಷ್ ಸಾಲು ಬೇಕೆಂದು ಗಿರಾಕಿ ಹಟ ಹಿಡಿದರೆ ಸಾಗರದಲ್ಲಿರುವ ನನಗೆ ಫೋನು. 'ಮಾರಾಯಾ, ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಅಂದ್ರೆ ಸಾಕಾ? ಕಡೀಗೆ ಫ್ರಮ್ ಬೇಕಾ?' ನಾನು ಡಿಕ್ಷನರಿ ತೆಗೆಯುವಷ್ಟರಲ್ಲಿ ಅವನ ಅಚ್ಚು ಮುಗಿದಿರುತ್ತಿತ್ತು. ಆದರೂ ನನ್ನ ಇಂಗ್ಲಿಷನ್ನು ನಂಬಿದವನು ಅವನೊಬ್ಬನೇ.

ಅಂಥವನ ಮನೆಗೆ ತಪ್ಪು ಇಂಗ್ಲಿಷ್ ಕಳಿಸುವುದುಂಟೆ?

ಕನ್ನಡದಲ್ಲೇ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಕೂತೆ. 'ಮಂಜಪ್ಪ' ಎಂದು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಇಂಗ್ಲಿಷಿನಲ್ಲಿ ಆ ತಾಪತ್ರಯವಿಲ್ಲ, ಸಾಲು ಮೊದಲೇ ತಯಾರಿರುತ್ತದೆ. ಹತ್ತು ಕಡೆ ನೋಡಿ, ತಿದ್ದಿ, ಅವನ ಮಗಳು ಸುಮಾಳ ನಂಬರಿಗೆ ಕಳಿಸಿದೆ. ಪ್ಲೀಸ್ ಆಕ್ಸೆಪ್ಟ್ ಮೈ ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್. ಟಿಕ್ ನೀಲಿಯಾಯಿತು. ಒಂದಕ್ಷರ ತಪ್ಪಿರಲಿಲ್ಲ. ನೆಮ್ಮದಿಯಾಗಿ ಊಟ ಮಾಡಿದೆ.

ನಮ್ಮ ಕಡೆ ಸಾವಾದ ಮನೆಗೆ ಹೋಗಿ 'ಮಾತಾಡಿಸಿಕೊಂಡು ಬರುವುದು' ಎಂದೊಂದಿದೆ. ಹೆಸರಿಗಷ್ಟೇ ಮಾತು. ಜಗಲಿಯಲ್ಲಿ ಕೂರುವುದು, ಹೇಗಾಯಿತೆಂದು ಅವರು ಬಂದವರಿಗೆಲ್ಲ ಹೇಳಿದ್ದನ್ನೇ ನಾವೂ ಕೇಳುವುದು, ಏಳುವಾಗ 'ಬರ್ತೀನಿ' ಎನ್ನದೆ ಎದ್ದು ಬರುವುದು.

ನನಗೆ ಅದರದ್ದೇ ಹೆದರಿಕೆ. ಹೋದಾಗೆಲ್ಲ ಊಟ ಮಾಡಿಸದೆ ಕಳಿಸದ ಅವನ ಹೆಂಡತಿ ಶಾರದಕ್ಕನ ಮುಖ ಹೇಗೆ ನೋಡಲಿ? ಅವರು ಅತ್ತರೆ? ಅಳದಿದ್ದರೆ? ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಆ ವಾರ ಬಂದಾಗ ಅದರ ಮುಂದಿನ ವಾರ. ಹೇಗೂ ಮೆಸೇಜು ಹೋಗಿತ್ತಲ್ಲ?

ಮೊನ್ನೆ ಸುಮಾ ಫೋನ್ ಮಾಡಿದ್ದಳು. ಕಾರ್ಯಗಳೆಲ್ಲ ಮುಗಿದವಂತೆ. ಪ್ರೆಸ್ಸಿನ ಬಾಗಿಲು ಹಾಕಿದೆಯಂತೆ. ನನ್ನ ಮೆಸೇಜಿಗೆ ಥ್ಯಾಂಕ್ಸ್ ಹೇಳಿದಳು.

'ಅಮ್ಮಂಗೆ ಇಂಗ್ಲಿಷ್ ಬರಲ್ಲಲ್ಲ ಅಂಕಲ್, ಓದಿ ಅರ್ಥ ಹೇಳ್ದೆ. ಅಷ್ಟೂ ಕೇಳಿ, ಯಾವತ್ತು ಬರ್ತಾರಂತೆ ಅಂದ್ರು.'

ಅಷ್ಟೆಲ್ಲ ತಿದ್ದಿದ ಸಾಲಿನಲ್ಲಿ ಅದೊಂದು ಬಿಟ್ಟುಹೋಗಿತ್ತು.