ಪೆಂಚೊನ ಕನ್ನಡಿಯಲ್ಲಿ ಕಾಲ್ಚೆವ್

ನಮ್ಮೂರು ಗಾಬ್ರೊವೊದವರು ಏನನ್ನೂ ಬಿಸಾಡುವುದಿಲ್ಲ ಎಂದು ಇಡೀ ದೇಶ ನಮ್ಮನ್ನು ನೋಡಿ ನಗುತ್ತದೆ. ನಗಲಿ. ಕ್ಷೌರಿಕ ಪೆಂಚೊನಿಗೆ ಆ ಜಿಪುಣತನ ಇಲ್ಲದಿದ್ದರೆ ಕಾದಂಬರಿಕಾರ ಕಾಲ್ಚೆವ್‌ರ ಆ ಚಿತ್ರ ಎಂದೋ ಕಸದ ಗಾಡಿ ಹತ್ತಿರುತ್ತಿತ್ತು.

ಕಾಲ್ಚೆವ್‌ರ ಎಡಗೆನ್ನೆಯ ನರುಲಿ ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ವಾರವಾರ ತಪ್ಪಿಸಿ ಕತ್ತಿ ಆಡಿಸುತ್ತಿದ್ದವನು ಪೆಂಚೊ. ಶಿಲ್ಪಿ ವೆಲ್ಯೊ ಬದುಕಿಡೀ ಕಲ್ಲು ಕೆತ್ತಿದವನು. ಒಮ್ಮೆ ಮಾತ್ರ ಆಸೆಪಟ್ಟು, ಕಾಗದಕ್ಕೆ ಅಚ್ಚೊತ್ತಲೆಂದು ತಾಮ್ರದ ತಗಡಿನ ಮೇಲೆ ಕಾಲ್ಚೆವ್‌ರನ್ನು ಕೊರೆದ. ಕಲ್ಲಿನ ಅಭ್ಯಾಸ, ಕಂಡಂತೆಯೇ ಕೊರೆದ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆಂದು ನೆನಪಾದದ್ದು ಮೊದಲ ಪ್ರತಿ ತೆಗೆದ ಮೇಲೆ. ನರುಲಿ ಬಲಗೆನ್ನೆಗೆ ಹಾರಿತ್ತು. ಸಿಟ್ಟಿನಲ್ಲಿ ತಗಡಿನ ಮೇಲೆಲ್ಲ ಗೀರೆಳೆದು ಹಾಳುಮಾಡಿ, ಆ ಪ್ರತಿಯನ್ನು ಹಿಡಿದು ಕ್ಷೌರಕ್ಕೆ ಬಂದ.

"ತಗೊ, ಕತ್ತಿ ಒರೆಸ್ಕೊ," ಎಂದ.

ಅಷ್ಟು ದಪ್ಪ ಕಾಗದವನ್ನು ಪೆಂಚೊ ಹಾಳುಮಾಡುತ್ತಾನೆಯೇ? ಕುರ್ಚಿಯ ಹಿಂದಿನ ಗೋಡೆಗೆ, ತಲೆ ಅಡ್ಡ ಬಾರದಷ್ಟು ಮೇಲೆ ಮೊಳೆ ಹೊಡೆದು ತಗುಲಿಸಿದ. "ಈಗ ಮುಂದೆ ನೋಡು ಮಾರಾಯ."

ಕನ್ನಡಿಯಲ್ಲಿ ನರುಲಿ ಎಡಗೆನ್ನೆಗೆ ವಾಪಸು ಬಂದಿತ್ತು. ವೆಲ್ಯೊ ಬಾಯಿಗೆ ನೊರೆ ಹೋಗುವಷ್ಟು ನಕ್ಕ.

ಈಗ ಕಾಲ್ಚೆವ್‌ರೂ ಇಲ್ಲ, ವೆಲ್ಯೊನೂ ಇಲ್ಲ. ಕಳೆದ ಚಳಿಗಾಲದಲ್ಲಿ ರಾಜಧಾನಿಯ ಗ್ಯಾಲರಿಯಿಂದ ಲ್ಯೂಬೆನ್ ಎಂಬ ಅಧಿಕಾರಿ ಬಂದ. ವೆಲ್ಯೊನ ಏಕೈಕ ಅಚ್ಚು, ಸೋಪಿನ ಹಬೆಯಲ್ಲಿರಬಾರದು, ಕೊಡಿ ಎಂದ. ಜನರದ್ದನ್ನೆಲ್ಲ ಒಯ್ದು ನೆಲಮಾಳಿಗೆಗೆ ತಳ್ಳಿ, ಬೀಗ ಜಡಿದು, ಕಾಪಾಡುತ್ತಿದ್ದೇವೆ ಎಂದು ಎದೆಯುಬ್ಬಿಸುವ ಗ್ಯಾಲರಿ ಅದು! ಪಕ್ಕದ ಕುರ್ಚಿಯಲ್ಲಿ ಕೂತ ನನಗೇ ಮೈ ಉರಿಯಿತು. ಪೆಂಚೊನ ಮುಖ ಸಣ್ಣದಾಯಿತು. ದಿನವೂ ಕಾಲ್ಚೆವ್‌ರಿಗೆ ನಮಸ್ಕಾರ ಹೇಳಿಯೇ ಕತ್ತಿ ಮುಟ್ಟುವವನು ಅವನು.

"ಒಯ್ಯಿರಂತೆ," ಎಂದ ಕೊನೆಗೆ. "ಮೊದ್ಲು ಕೂತ್ಕೊಳ್ಳಿ ಸ್ವಾಮಿ. ಈ ಗಡ್ಡದಲ್ಲಿ ಅಂಥವರನ್ನ ಕರ್ಕೊಂಡು ಹೋದ್ರೆ ಚೆನ್ನಾಗಿರಲ್ಲ."

ಲ್ಯೂಬೆನ್ ಕೂತ. ಕೆನ್ನೆಗೆ ನೊರೆ ಬಿತ್ತು. ತಲೆಯೆತ್ತಿ ಕನ್ನಡಿ ನೋಡಿದವನು ಹಾಗೆಯೇ ಉಳಿದ. ಗೋಡೆಯ ಮೇಲಿನ ತಪ್ಪು ಚಿತ್ರ ಅಲ್ಲಿ ಸಾಕ್ಷಾತ್ ಕಾಲ್ಚೆವ್ ಆಗಿತ್ತು, ಈಗಷ್ಟೇ ಕ್ಷೌರ ಮುಗಿಸಿ ಹಿಂದೆ ನಿಂತ ಹಾಗೆ.

"ಪೆಂಚೊ ಅಣ್ಣ," ಎಂದ ಮೆಲ್ಲಗೆ, "ನಮ್ಮಲ್ಲಿ ಚಿತ್ರದ ಎದುರು ಕನ್ನಡಿ ಇಡಲ್ಲ."

"ಕನ್ನಡಿ ಕೇಳ್ಬೇಡಿ. ಅದನ್ನಂತೂ ಕೊಡಲ್ಲ."

ಲ್ಯೂಬೆನ್ ನಗತೊಡಗಿದ; ಕತ್ತಿ ಹಿಡಿದ ಪೆಂಚೊ ಗಾಬರಿಯಿಂದ ಹಿಂದೆ ಸರಿದ. ಹೋಗುವಾಗ ಅಧಿಕಾರಿಯ ಕಂಕುಳಲ್ಲಿ ಏನೂ ಇರಲಿಲ್ಲ. ಚಿತ್ರಕ್ಕೊಂದು ಗಾಜು ಹಾಕಿಸಿ, ಅದು ಇಲ್ಲೇ ಇರಲಿ ಎಂದು ಹೇಳಿ ಹೋದ.

ಈಗ ದೂರದೂರದವರು ಬರುತ್ತಾರೆ. ಕಾಲ್ಚೆವ್‌ರನ್ನು ಸರಿಯಾಗಿ ನೋಡಬೇಕಾದರೆ ಕುರ್ಚಿಯಲ್ಲೇ ಕೂರಬೇಕು. ಕೂತವರ ಕೆನ್ನೆಗೆ ಪೆಂಚೊ ಕೇಳದೆಯೇ ನೊರೆ ಹಚ್ಚುತ್ತಾನೆ. ಓದುವ ಗಂಡಸರಲ್ಲಿ ಗಡ್ಡ ಉಳಿಸಿಕೊಂಡವರು ಈ ಸೀಮೆಯಲ್ಲಿ ಕಡಿಮೆಯಾಗುತ್ತಿದ್ದಾರೆ.