ಎಲ್ಲಿ, ಬೆರಳು ಮೇಲೆ

ಕಳೆದ ಭಾನುವಾರ ಗೆಳೆಯ ಮಂಜನ ಕಾಲಿನ ಮೇಲೆ ಸಹಿ ಹಾಕಲು ಬಿಟಿಎಂ ಲೇಔಟಿಗೆ ಹೋಗಿದ್ದೆ. ಫುಟ್‌ಬಾಲ್ ಆಡುವಾಗ ಮಹಾರಾಯ ಚೆಂಡನ್ನು ಬಿಟ್ಟು ಗೋಲಿನ ಕಂಬವನ್ನು ಒದ್ದು ಬಂದಿದ್ದಾನೆ. ಪಾದದಿಂದ ಮಂಡಿಯವರೆಗೆ ಬಿಳಿ ಪ್ಲಾಸ್ಟರ್. ಅದರ ಮೇಲೆ ನಮ್ಮ ಗ್ಯಾಂಗಿನವರೆಲ್ಲ ಸಾಲಾಗಿ ಕೂತು ಸಾಹಿತ್ಯ ಸೇವೆ ಮಾಡುತ್ತಿದ್ದರು. ಒಬ್ಬ ಹೃದಯದ ಚಿತ್ರ ಬರೆದಿದ್ದ, ಇನ್ನೊಬ್ಬ ‘ಇಲ್ಲಿ ಭಿತ್ತಿಪತ್ರ ಅಂಟಿಸಬಾರದು’ ಎಂದು ಬರೆದಿದ್ದ. ನನ್ನ ಸರದಿ ಬಂತು. ಮಾರ್ಕರಿನ ಮುಚ್ಚಳ ತೆಗೆದೆ. ಸ್ಪಿರಿಟ್ಟಿನಂಥ ಆ ಘಾಟು ಮೂಗಿಗೆ ಹತ್ತಿತು. ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಐದು ಬೆರಳುಗಳು ಕಂಡವು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಬಾಯಿ ಹೇಳಿತು:

“ಎಲ್ಲಿ, ಬೆರಳು ಮೇಲೆ.”

ಬೇರೆಯವರ ಧ್ವನಿ ನನ್ನ ಬಾಯಿಗೆ ಬರುವುದು ಹೊಸದಲ್ಲ. ಅದೊಂದೇ ನನಗೆ ಸರಿಯಾಗಿ ಬರುವ ಕೆಲಸ ಎಂದು ಮನೆಯಲ್ಲಿ ಹೇಳುತ್ತಾರೆ. ಮೆಟ್ರೋದಲ್ಲಿ ಬಾಗಿಲಿನಿಂದ ದೂರ ನಿಲ್ಲಿ ಎನ್ನುವ ಹೆಂಗಸು, ನಮ್ಮ ಬೀದಿಯ ತೆಂಗಿನಕಾಯಿ ಗಾಡಿಯವನು, ಮದುವೆ ಮನೆಯಲ್ಲಿ “ಇನ್ನೊಂದು ಹೋಳಿಗೆ” ಎಂದು ಹೆದರಿಸುವ ನೆಂಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನದೇ ಧ್ವನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಆದರೆ ಮೊನ್ನೆ ಬಂದ ಆ ಧ್ವನಿ ಆಸ್ಪತ್ರೆಯ ನರ್ಸ್ ಗಿರಿಜಾ ಸಿಸ್ಟರ್ ಅವರದು. ಅದನ್ನು ನಾನು ಯಾವ ಸ್ಟೇಜಿನ ಮೇಲೂ ಮಾಡುವುದಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮಪ್ಪ ಬಸ್ಸಿನಿಂದ ಬಿದ್ದದ್ದನ್ನು ಹೇಳಬೇಕು.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ಬನಶಂಕರಿಯಿಂದ ಹೊರಡುವ ಬಸ್ಸುಗಳಲ್ಲಿ “ನಿಲ್ಸೋ ತನಕ ಇಳೀಬೇಡ್ರೀ” ಎಂದು ಕೂಗಿ ಕೂಗಿ ಗಂಟಲು ಜಲ್ಲಿ ಮಷೀನಿನಂತಾಗಿದೆ. ನಾನು ಮೊಟ್ಟಮೊದಲು ಕಲಿತ ಮಿಮಿಕ್ರಿಯೂ ಅದೇ. ಇಂಥ ಮನುಷ್ಯ ಕೆಲವು ವರ್ಷಗಳ ಹಿಂದೆ, ರಜೆಯ ದಿನ, ಹುಳಿಮಾವಿನಲ್ಲಿರುವ ತಂಗಿಯ ಮನೆಗೆ ಹೋಗುವಾಗ, ಬಸ್ಸು ಇನ್ನೂ ಚಲಿಸುತ್ತಿರುವಾಗಲೇ ಇಳಿದರು. ತೊಡೆಯ ಮೂಳೆ ಮುರಿಯಿತು. ಆ ಬಸ್ಸಿನ ಕಂಡಕ್ಟರ್ ಅಪ್ಪನ ಜೂನಿಯರ್. ನೋವಿಗಿಂತ ಅದೇ ಅಪ್ಪನಿಗೆ ಹೆಚ್ಚು ನೋವಾಯಿತು.

ಜಯನಗರದ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆಗಬೇಕು, ಆದರೆ ಸಕ್ಕರೆ ಕಾಯಿಲೆ ಏರಿ ಕೂತಿದೆ, ಜೊತೆಗೆ ಜ್ವರ. ಅದು ಇಳಿಯುವ ತನಕ ಕಾಲನ್ನು ಟ್ರ್ಯಾಕ್ಷನ್‌ನಲ್ಲಿ ಇಡಬೇಕು ಎಂದರು ಡಾಕ್ಟರು. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ: ಕಾಲಿಗೆ ಪಟ್ಟಿ ಅಂಟಿಸಿ, ಬ್ಯಾಂಡೇಜ್ ಸುತ್ತಿ, ಪಾದದ ಬಳಿ ಹಗ್ಗ ಕಟ್ಟಿ, ಆ ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ ಕೆಳಗೆ ತೂಕ ಇಳಿಬಿಡುತ್ತಾರೆ. ಬಾವಿಯಿಂದ ನೀರು ಸೇದುವ ಏರ್ಪಾಡೇ. ಕೊಡದ ಜಾಗದಲ್ಲಿ ತೂಕದ ಬಿಲ್ಲೆ, ಸೇದುವವರ ಜಾಗದಲ್ಲಿ ನಮ್ಮಪ್ಪ. ಆ ಎಳೆತದಲ್ಲಿ ಮುರಿದ ಮೂಳೆ ತನ್ನ ಸಾಲಿನಲ್ಲಿ ಇರುತ್ತದಂತೆ.

ಇದು ಗೊತ್ತಿಲ್ಲದ ನಮ್ಮ ಸೋದರತ್ತೆ ಮೊದಲ ದಿನವೇ ಕ್ಯಾರಿಯರ್ ತುಂಬ ಬಿಸಿಬೇಳೆಬಾತ್ ತಂದವರು, ಅಣ್ಣನ ಕಾಲಿಗೆ ನೇತಾಡುತ್ತಿದ್ದ ತೂಕ ನೋಡಿ ಕಣ್ಣೀರು ಹಾಕಿದರು. “ಪಾಪ, ಎಷ್ಟು ಎಳೀತಾ ಇದ್ಯೋ!” ಎಂದು ಒಂದು ಸ್ಟೂಲನ್ನು ಎಳೆದು ತೂಕವನ್ನು ಅದರ ಮೇಲೆ ಕೂರಿಸಿದರು. ಅಪ್ಪನಿಗೆ ಹಾಯೆನಿಸಿತು. ನಾನೂ ಅತ್ತೆಯ ಬುದ್ಧಿಗೆ ತಲೆದೂಗಿ ಬಿಸಿಬೇಳೆಬಾತಿಗೆ ಕೈ ಹಾಕಿದೆ.

ಆಗ ಬಂದವರೇ ಗಿರಿಜಾ ಸಿಸ್ಟರ್. ನಲವತ್ತರ ಆಸುಪಾಸು, ಕುಳ್ಳಗೆ, ಚುರುಕು ನಡಿಗೆ. ಬೈಯುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಮಿಮಿಕ್ರಿಗೆ ಸರಕು ಕೂಡಿಸಿಕೊಳ್ಳಲು ಸಿದ್ಧನಾದೆ. ಅವರು ಬೈಯಲಿಲ್ಲ. ತೂಕವನ್ನು ಎರಡೂ ಕೈಯಲ್ಲಿ ಎತ್ತಿ ಹಗ್ಗ ಜಗ್ಗದ ಹಾಗೆ ಮೆಲ್ಲಗೆ ಇಳಿಬಿಟ್ಟರು. ಸ್ಟೂಲನ್ನು ಅತ್ತೆಯ ಕಡೆ ತಳ್ಳಿದರು.

“ಅಮ್ಮಾ, ಇದು ನಿಮಗೆ, ಕೂತ್ಕೊಳ್ಳಿ. ಅದು ತೂಗಾಡ್ತಾನೇ ಇರ್ಬೇಕು. ಸ್ಟೂಲ್ ಹತ್ತಿ ಕೂತ್ರೆ ಅದು ಡ್ಯೂಟಿಗೆ ರಜ ಹಾಕ್ದಂಗೆ. ನೋಡೋಕೆ ಬರೋರೆಲ್ಲ ಇದನ್ನ ಮುಟ್ತಾರೆ. ಯಾರೂ ಮುಟ್ಟದ ಹಾಗೆ ನೋಡ್ಕೋತೀರಾ?”

ಅಷ್ಟೇ. ಅಂದಿನಿಂದ ಅತ್ತೆ ಆ ತೂಕಕ್ಕೆ ಕಾವಲಾಗಿ ಕೂತರು. ನೆಂಟರು ಮಂಚದ ಹತ್ತಿರ ಬಂದರೆ “ದೂರ, ದೂರ! ಡ್ಯೂಟಿ ಮೇಲಿದೆ!” ಎನ್ನುತ್ತಿದ್ದರು. ಬೈದಿದ್ದರೆ ಅತ್ತೆ ಮುನಿಸಿಕೊಂಡು ಹುಳಿಮಾವಿಗೆ ವಾಪಸಾಗುತ್ತಿದ್ದರು, ಜೊತೆಗೆ ಬಿಸಿಬೇಳೆಬಾತೂ.

ಸಿಸ್ಟರ್ ಕೆಲಸ ಮಾಡುವುದನ್ನು ನೋಡುತ್ತ ಕೂರುವುದೇ ನನಗೊಂದು ಚಟವಾಯಿತು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೆ ಮೆತ್ತೆ ಇಡುವರು. ಅಪ್ಪನಿಂದಲೇ ತಲೆಯ ಮೇಲಿನ ಸರಳು ಹಿಡಿಸಿ, ಸೊಂಟ ಎತ್ತಿಸಿ, ಬೆನ್ನೊರೆಸಿ, ಬೆಡ್‌ಶೀಟಿನ ಒಂದೊಂದು ಸುಕ್ಕನ್ನೂ ನೀವಿ ಬಿಡುವರು. ಎಲ್ಲಕ್ಕೂ ಮೊದಲು ಪಾದದ ಬಳಿ ನಿಂತು, “ಎಲ್ಲಿ, ಬೆರಳು ಮೇಲೆ… ಮೂಗು ನೋಡ್ಲಿ ಬೆರಳು… ಹ್ಞಾ… ಜಾಣ.” ಈ ‘ಜಾಣ’ ಬಂದ ಮೇಲಷ್ಟೇ ಅಪ್ಪ ಬೆರಳು ಇಳಿಸುತ್ತಿದ್ದರು. ಬಸ್ಸು ತುಂಬ ಜನರನ್ನು ಗದರುತ್ತಿದ್ದ ಮನುಷ್ಯ ಒಂದು ‘ಜಾಣ’ಕ್ಕಾಗಿ ಶಾಲೆಯ ಹುಡುಗನಂತೆ ಕಾಯುತ್ತಿದ್ದರು. ಕೇಳಿದರೆ, “ಏನೋ ಪಾಪ, ಅವರ ಸಮಾಧಾನಕ್ಕೆ” ಎನ್ನುವರು.

ಇಂಥ ಧ್ವನಿ ಸಿಕ್ಕರೆ ನಾನು ಬಿಡುತ್ತೇನೆಯೇ? ಒಂದು ಮಧ್ಯಾಹ್ನ ಪರದೆಯ ಹಿಂದೆ ನಿಂತು, “ಎಲ್ಲಿ, ಬೆರಳು ಮೇಲೆ” ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಬೆರಳು ಎತ್ತಿದರು! ವಾರ್ಡಿನವರೆಲ್ಲ ನಕ್ಕರು. ಪಕ್ಕದ ಮಂಚದ ಕೈಮುರುಕ ಅಂಕಲ್ ಒಂದೇ ಕೈಯಲ್ಲಿ ತೊಡೆ ತಟ್ಟಿದರು. ನಾನು ಹೊರಗೆ ಬಂದು ನಾಲ್ಕೂ ದಿಕ್ಕಿಗೆ ಬಗ್ಗಿ ನಮಸ್ಕಾರ ಮಾಡಿದೆ. ಐದನೆಯ ದಿಕ್ಕಿನಲ್ಲಿ ಗಿರಿಜಾ ಸಿಸ್ಟರ್ ನಿಂತಿದ್ದರು.

“ವಾಯ್ಸ್ ಸಖತ್ತಾಗಿದೆ” ಎಂದರು. “ಆದ್ರೆ ಅಲ್ನೋಡು.”

ಅಪ್ಪ ಇನ್ನೂ ಬೆರಳು ಎತ್ತಿಕೊಂಡೇ ಇದ್ದರು.

“ನಾನು ಬೆರಳು ನೋಡ್ತೀನಿ. ನೀನು ಇವರನ್ನೆಲ್ಲ ನೋಡ್ತಾ ಇದ್ದೆ. ಮಾಡೋದಿದ್ರೆ ಪೂರ್ತಿ ಮಾಡಪ್ಪ. ಬಾ ಇಲ್ಲಿ, ಕೈ ಕೊಡು.”

ನನ್ನ ಹೆಬ್ಬೆರಳಿನಿಂದ ಅಪ್ಪನ ಉಗುರು ಒತ್ತಿಸಿದರು. ಬಿಟ್ಟ ಕೂಡಲೇ ಬಿಳಿಚಿದ್ದ ಉಗುರು ಕೆಂಪಾಗಬೇಕು. ಅಂಗೈ ತಿರುಗಿಸಿ ಪಾದ ಬೆಚ್ಚಗಿದೆಯೇ ಎಂದು ಮುಟ್ಟಿಸಿದರು. ಬೆರಳ ಸಂದಿಯಲ್ಲಿ ತಾಗಿಸಿ, ಎಲ್ಲಿ ಮುಟ್ಟಿದೆನೆಂದು ಅಪ್ಪನನ್ನೇ ಕೇಳಲು ಹೇಳಿದರು. ಆಮೇಲೆ ಬೆರಳು ಮೇಲೆ, ಕೆಳಗೆ. ಪ್ರತಿಯೊಂದನ್ನೂ ಇನ್ನೊಂದು ಕಾಲಿನ ಜೊತೆ ಹೋಲಿಸು ಎಂದರು. “ಸಕ್ಕರೆ ಕಾಯಿಲೆ ಇದ್ಯಲ್ಲ, ಒತ್ತಿದ್ರೂ ಇವರಿಗೆ ಗೊತ್ತಾಗ್ದೆ ಇರ್ಬೋದು. ನಾವು ನೋಡ್ತಾನೇ ಇರ್ತೀವಿ. ಮಧ್ಯ ನೀನೂ ನೋಡು. ಸ್ವಲ್ಪ ವ್ಯತ್ಯಾಸ ಕಂಡ್ರೂ ಕೂಗು. ಆಮೇಲೆ, ಜಾಣ ಅನ್ನೋದು ಮರೀಬೇಡ. ಪಾಪ, ಎತ್ಕೊಂಡೇ ಇರ್ತಾರೆ.”

ಸರಿ, ನನ್ನ ಐಟಮ್ಮಿಗೆ ಹೊಸ ಹೊಸ ಭಾಗ ಸೇರಿದವು. ನೋಡಲು ಬಂದವರ ಮುಂದೆಲ್ಲ ಪ್ರದರ್ಶನ.

ಸಿಸ್ಟರಿಗೆ ವಾರದ ರಜೆ ಇದ್ದ ದಿನ, ಊಟದ ಹೊತ್ತಿಗೆ, ಅತ್ತೆಯೂ ನೆರೆಮನೆಯವರೂ ಬಂದಿದ್ದಾಗ ಮತ್ತೆ ಶುರು ಮಾಡಿದೆ. ಉಗುರು ಒತ್ತಿದೆ, ಕೆಂಪಾಯಿತು. ಪಾದ ಬೆಚ್ಚಗಿತ್ತು. “ಎಲ್ಲಿ, ಬೆರಳು ಮೇಲೆ” ಎಂದೆ.

ಹೆಬ್ಬೆರಳು ಅಲ್ಲಾಡಲಿಲ್ಲ.

“ಅಪ್ಪ, ಎತ್ತಪ್ಪ.”

“ಎತ್ತಿದ್ದೀನಲ್ಲೋ!”

ಎಲ್ಲರೂ ನಕ್ಕರು. ಅಪ್ಪನೂ ನನ್ನ ಆಟಕ್ಕೆ ಸೇರಿಕೊಂಡಿದ್ದಾರೆ ಅಂದುಕೊಂಡರು. ಇನ್ನೊಂದು ಕಾಲಿನದನ್ನು ಎತ್ತಿಸಿದೆ. ಬೆರಳು ಸೆಟೆದು ನಿಂತಿತು. ಈ ಕಾಲಿನದು ಮಲಗಿಯೇ ಇತ್ತು. ಅಪ್ಪನ ಮುಖದಲ್ಲಿ ಮಾತ್ರ ಬೆರಳು ಎತ್ತಿದವರ ಹೆಮ್ಮೆ. ಬೆರಳೇ ಏಳದಿದ್ದರೆ ಮುಂಗಾಲು ಏಳುವುದೆಲ್ಲಿ? ನಡೆಯುವಾಗ ಮುಂಗಾಲು ಎತ್ತಲಾಗದ ಕಂಡಕ್ಟರ್ ಓಲಾಡುವ ಬಸ್ಸಿನಲ್ಲಿ ಹೇಗೆ ನಿಲ್ಲುತ್ತಾನೆ?

ನರ್ಸುಗಳ ಟೇಬಲ್ಲಿನ ಹತ್ತಿರ ಓಡಿದೆ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಸಿಸ್ಟರ್ ನನ್ನನ್ನು ನೋಡಿ ನಕ್ಕರು. “ಏನ್ ಸಾರ್, ಇವತ್ತು ಯಾರ ವಾಯ್ಸು?”

“ಸಿಸ್ಟರ್, ನಮ್ಮಪ್ಪನ ಬೆರಳು ಏಳ್ತಿಲ್ಲ.”

ನಗು ನಿಲ್ಲುವ ಮೊದಲೇ ಅವರು ಎದ್ದಿದ್ದರು. ಹೊದಿಕೆ ಸರಿಸಿದರು. ಕಾಲು ಹೊರಗಡೆಗೆ ಹೊರಳಿತ್ತು. ಮಂಡಿಯ ಕೆಳಗೆ, ಹೊರಬದಿಯಲ್ಲಿ ಉಬ್ಬಿದ ಮೂಳೆಯ ಗೆಣ್ಣಿನ ಮೇಲೆ, ಬ್ಯಾಂಡೇಜಿನ ಅಂಚು ಒತ್ತುತ್ತಿತ್ತು. ಡಾಕ್ಟರಿಗೆ ಫೋನು ಹೋಯಿತು. ಅವರು ಬಂದು, ಒಬ್ಬರಿಂದ ಕಾಲು ಹಿಡಿಸಿ, ಬ್ಯಾಂಡೇಜ್ ಬಿಚ್ಚಿಸಿ, ಗೆಣ್ಣಿಗೆ ತಾಗದ ಹಾಗೆ ಮತ್ತೆ ಸುತ್ತಿಸಿದರು. ಮಂಡಿ ಸೂರು ನೋಡುವಂತೆ ಪಕ್ಕದಲ್ಲಿ ಟವೆಲಿನ ಸುರುಳಿ ಬಂತು. “ಅಲ್ಲಿ ಒಂದು ನರ ಹಾಯುತ್ತೆ, ಅದಕ್ಕೆ ಒತ್ತಿದೆ” ಎಂದರು ಡಾಕ್ಟರು. “ಬೇಗ ಗೊತ್ತಾಯ್ತು, ಒಳ್ಳೇದಾಯ್ತು. ಬೆರಳಿಗೆ ಶಕ್ತಿ ವಾಪಸ್ ಬರ್ಬೋದು. ಕಾದು ನೋಡೋಣ.”

ಅತ್ತೆ ತೂಕವನ್ನು ಬಿಟ್ಟು ಬೆರಳನ್ನೇ ಕಾಯತೊಡಗಿದರು.  ಮರುದಿನ ಬೆಳಿಗ್ಗೆ ಗಿರಿಜಾ ಸಿಸ್ಟರ್ ಬಂದವರು ಏನೂ ಕೇಳದೆ ಪಾದದ ಬಳಿ ನಿಂತು, ಎಂದಿನ ಹಾಗೆಯೇ, “ಎಲ್ಲಿ, ಬೆರಳು ಮೇಲೆ” ಎಂದರು. ಏಳಲಿಲ್ಲ. “ಪರವಾಗಿಲ್ಲ, ನೀವು ಪ್ರಯತ್ನ ಪಟ್ರಲ್ಲ. ಜಾಣ” ಎಂದರು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಪಾದ ಜೋತು ಬೀಳದಂತೆ ಆಸರೆ ಕೊಟ್ಟರು ಸಿಸ್ಟರ್. ಬಂದಾಗಲೆಲ್ಲ ಅದೇ ಮಾತು. ಅವರ ಧ್ವನಿಯಲ್ಲಿ ಆತುರವನ್ನಾಗಲಿ ಕನಿಕರವನ್ನಾಗಲಿ ಹುಡುಕಿ ಸೋತೆ. ಆ ಸ್ಥಿಮಿತ ಅನುಕರಿಸಲಾಗದ ಸಂಗತಿ ಎಂದು ನನ್ನಂಥವನಿಗೆ ಗೊತ್ತಾಗಲು ಇಷ್ಟು ದಿನ ಬೇಕಾಯಿತು.

ಆಪರೇಷನ್ನಿಗೆ ಕರೆದೊಯ್ಯುವ ಹಿಂದಿನ ದಿನ ಅವರು ಮತ್ತೆ ಹಾಗೆಂದಾಗ, ಹೆಬ್ಬೆರಳು ನಡುಗಿತು. ಆಮೇಲೆ ನಿದ್ದೆಯಿಂದ ತಲೆಯೆತ್ತುವವನಂತೆ ಒಂಚೂರು ಮೇಲೆದ್ದಿತು. ಅಪ್ಪ ಹಲ್ಲು ಕಚ್ಚಿ ಅದನ್ನು ಅಲ್ಲೇ ನಿಲ್ಲಿಸಿ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ನನ್ನ ಮುಖ ನೋಡಿದರು.

“ಹೇಳಪ್ಪ. ಕಾಯ್ತಿದಾರೆ.”

ಅವರ ಧ್ವನಿಗಾಗಿ ಬಾಯಿ ತೆರೆದೆ. ಬರಲಿಲ್ಲ. “ಜಾಣ” ಎಂದು ಕೀರಲಾಗಿ ಏನೋ ಒಂದು ಹೊರಬಿತ್ತು.

ಅಪ್ಪ ಬೆರಳು ಇಳಿಸಿದರು. “ಇದ್ಯಾರ ವಾಯ್ಸೋ? ಗೊತ್ತೇ ಆಗ್ಲಿಲ್ಲ” ಎಂದರು.

ಅಪ್ಪ ಈಗ ಮತ್ತೆ ಬಸ್ಸಿನಲ್ಲೇ ಇದ್ದಾರೆ. ಬಸ್ಸು ಪೂರ್ತಿ ನಿಂತು, ಡ್ರೈವರ್ ಆಕಳಿಸಿದ ಮೇಲಷ್ಟೇ ಇಳಿಯುತ್ತಾರೆ.

ಮೊನ್ನೆ ಮಂಜನ ಮನೆಯಲ್ಲಿ ನನ್ನ ಮಾತು ಕೇಳಿ ಎಲ್ಲರೂ ಗೊಳ್ಳೆಂದು ನಕ್ಕರು. “ಮಗಾ, ಇದ್ಯಾರ ವಾಯ್ಸು? ಹೊಸದು! ಇನ್ನೊಂದ್ಸಲ ಮಾಡು ಗುರು!” ಎಂದು ಒಬ್ಬ ಫೋನನ್ನೂ ಹಿಡಿದ. ನಾನು ಅವರ ಕಡೆ ತಿರುಗಲಿಲ್ಲ. ಮಾರ್ಕರ್ ಕೆಳಗಿಟ್ಟು ಮಂಜನ ಉಗುರು ಒತ್ತಿ ಬಿಟ್ಟೆ. ಕೆಂಪಾಯಿತು. ಬೆಚ್ಚಗಿತ್ತು. ಮಂಜ ನಗುತ್ತಲೇ ಇದ್ದ. ಆದರೆ ಅವನ ಐದೂ ಬೆರಳು ಇನ್ನೂ ಮೇಲೆಯೇ ಇದ್ದವು, ಏನನ್ನೋ ಕಾಯುತ್ತಿರುವ ಹಾಗೆ.

“ಜಾಣ” ಎಂದೆ.

ಇಳಿಸಿದ.