ರಸ್ತೆ ಕಡೆಯ ಕಿಟಕಿ

ನಾನು ಕಾನ್ವೆಂಟಿನಲ್ಲಿ ಓದಿದವಳು, ನನಗೆ ಇಂಗ್ಲಿಷ್ ಬರುತ್ತದೆ ಎಂದು ನಮ್ಮ ಚರ್ಚಿನ ಫಾದರ್ ಆ ಹುಡುಗಿಯನ್ನು ನಾವುಂದದ ನಮ್ಮ ಮನೆಗೆ ಬಿಟ್ಟುಹೋದರು. ಅವಳು ಟಾಂಜಾನಿಯಾದವಳು. ಮಿಷನ್ ಸೇವೆಗೆ ಸೇರುವ ಮೊದಲು ಬೇರೆ ದೇಶದ ಒಂದು ಮನೆಯಲ್ಲಿದ್ದು, ಅವರ ಹಾಗೆ ಉಂಡು, ಅವರ ಹಾಗೆ ಕೆಲಸ ಮಾಡಿ ಕಲಿಯಬೇಕು, ಯಾರಿಗೂ ಬೋಧಿಸಬಾರದು. ಬ್ರಹ್ಮಾವರದಲ್ಲಿ ನಡೆಯುತ್ತಿದ್ದ ಅವರ ತರಬೇತಿಯ ನಿಯಮ ಅದು.

ಬಂದ ದಿನವೇ ಅವಳು ನನ್ನ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡು, ತುರಿಮಣೆಯ ಮೇಲೆ ಕೂತು ಸರಸರ ತುರಿದಳು. ಅವಳ ಊರೂ ಸಮುದ್ರದ ಬದಿಯದ್ದೇ, ಅಲ್ಲೂ ಇಂಥದೇ ಮಣೆ ಇದೆಯಂತೆ. ಕರಟದ ಕಪ್ಪು ಒಂದೆಳೆಯೂ ತುರಿಯಲ್ಲಿ ಬೀಳಲಿಲ್ಲ. ನನ್ನ ಅರ್ಧ ಭಯ ಹೋಯಿತು. ಉಳಿದರ್ಧ ಅಂಗಡಿಯಲ್ಲಿ ಕಾದಿತ್ತು.

"ನಿಮ್ ಮನಿಗ್ ಬಂದ ಹೆಣ್ಣ್ ಇಲ್ಲ್ ಎಂತ ಮಾಡುಕ್ ಬಂದದ್ದ್?" ಅಂಗಡಿಯವರು ಬೆಲ್ಲ ಕಟ್ಟುತ್ತ ಕೇಳಿದರು.

"ಅಡ್ಗಿ ಕಲಿಯುಕ್."

"ನಮ್ ಸೊಸಿಗೇ ಕಲಿಯುಕ್ ಪುರ್ಸೊತ್ತಿಲ್ಲೆ, ಅದ್ ಅಷ್ಟ್ ದೂರದಿಂದ ಬಂತಾ?" ಎಂದು ನಕ್ಕರು. ಬೆಂಚಿನಲ್ಲಿ ಕೂತಿದ್ದ ಇಬ್ಬರು ನಗಲಿಲ್ಲ.

ಮನೆಗೆ ಬಂದವಳೇ ಅವಳಿಗೆ ಹೇಳಿದೆ: ಪಕ್ಕದ ಮನೆಗೆ ಹೋದರೆ ಪ್ರಾರ್ಥನೆ ಮಾತ್ರ ಬೇಡ. ಅಲ್ಲಿ ಹಾಸಿಗೆ ಹಿಡಿದ ಅಜ್ಜಿ, ಅವರ ಸೊಸೆ. ಸೊಸೆಯನ್ನು ನಾನು ಅಕ್ಕ ಎನ್ನುವುದು. ಮದುವೆಯಾಗಿ ಬಂದಾಗಿನಿಂದ, ಬೆಳಿಗ್ಗೆ ಪಾಗಾರದ ಗೋಡೆಯಾಚೆಯಿಂದ ಅವರು "ಹ್ವಾಯ್" ಎಂದು ಕರೆಯದೆ ನನಗೆ ಚಹಾ ಇಳಿಯುವುದಿಲ್ಲ. ಅವರ ಮನೆಯಿಂದ ಒಂದು ಪ್ರಾರ್ಥನೆ ರಸ್ತೆಗೆ ಕೇಳಿದರೆ ಸಾಕು, ಮತಾಂತರದ ಸುದ್ದಿಯಾಗುತ್ತದೆ. ಮತ್ತೆ ಅಕ್ಕ ಹೇಗೆ ಕರೆದಾರು? ಹುಡುಗಿ ತಲೆಯಾಡಿಸಿ ಮಾತು ಕೊಟ್ಟಳು.

ಅಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವಳು ಅಜ್ಜಿಯ ಕಾಲು ಒತ್ತುತ್ತ ಕೂತಳು. ಅಜ್ಜಿ ಅವಳ ಸಣ್ಣ ಸಣ್ಣ ಜಡೆಗಳನ್ನು ಎತ್ತಿ ನೋಡಿ, "ಬಾಯಮ್ಮ, ಇದ್ ಹೆಣೆಯುಕ್ ಎಷ್ಟ್ ಹೊತ್ತ್ ಬೇಕ್?" ಎಂದು ನನ್ನನ್ನು ಕೇಳಿದರು. ಚರ್ಚಿಗೆ ಹೋಗುವ ಹೆಂಗಸರೆಲ್ಲ ಅವರಿಗೆ ಬಾಯಮ್ಮ. ಆಮೇಲೆ, "ಇವ್ಳ್ ದೇವ್ರ್ ಕೆಲ್ಸಕ್ ಹೋಪವ್ಳ್ ಅಲ್ದಾ? ನಂಗಾಯಿ ಒಂದ್ ಮಾತ್ ಹೇಳುಕ್ ಹೇಳ್. ನಮ್ ದೇವ್ರತ್ರ ಕೇಂಡ್ ಕೇಂಡ್ ನಂಗೇ ನಾಚ್ಕಿ ಆತ್ತ್."

ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ನೋವು ಹೆಚ್ಚಿದೆಯಂತೆ ಎಂದಷ್ಟೇ ಹೇಳಿದೆ. ಅಜ್ಜಿ ಕಾಯಲಿಲ್ಲ, ಹುಡುಗಿಯ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಹುಡುಗಿ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ.

ಅಕ್ಕ ಎದ್ದು, ರಸ್ತೆ ಕಡೆಯ ಕಿಟಕಿ ಎಳೆದು ಚಿಲಕ ಹಾಕಿದರು. "ಬೇಗ ಮುಗ್ಸುಕ್ ಹೇಳಿ," ಎಂದರು, ನನ್ನತ್ತ ತಿರುಗದೆ.

ಹುಡುಗಿ ಕಣ್ಣು ಮುಚ್ಚಿದಳು. ಬಾಯಿ ತೆರೆಯಲಿಲ್ಲ, ನನಗೆ ಕೊಟ್ಟ ಮಾತು. ಅಜ್ಜಿಯ ಬಿಳಿಗೂದಲ ಮೇಲೆ ಅವಳ ಹೆಬ್ಬೆರಳು ಮಾತ್ರ ಮೆಲ್ಲಗೆ ಆಡುತ್ತಿತ್ತು. ಹೊರಗೆ ಒಂದು ಬೈಕು ನಿಂತ ಸದ್ದು. ಮತ್ತೆ ಹೊರಟ ಸದ್ದು.

"ಎಂತ, ಇವ್ಳಿಗ್ ಬಾಯಿ ಇಲ್ಯಾ?" ಅಜ್ಜಿ ಗೊಣಗಿದರು. ಕೈ ಮಾತ್ರ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಮುಂದಿಟ್ಟುಕೊಂಡು ಕೂತೆ. ಕೆನೆ ಕಟ್ಟಿತು. ಹುಡುಗಿ ಅಂಗಳ ಗುಡಿಸಿ ಬಂದು, ನನ್ನ ಲೋಟ ನೋಡಿ, ಪೊರಕೆ ಮೂಲೆಗಿಟ್ಟಳು. ಮೀನಿನ ಗಾಡಿ ಹಾರ್ನ್ ಹೊಡೆದು ಹೋಯಿತು. ಆಮೇಲೆ ಬಂತು ಕರೆ.

"ಹ್ವಾಯ್, ಅತ್ತಿ ಕೇಂತ್ರ್. ಆ ಹೆಣ್ಣ್ ಇವತ್ತ್ ಬತ್ತಿಲ್ಯಾ?"

"ಬತ್ತ್ ಅಕ್ಕ," ಎಂದೆ. ಅಕ್ಕನ ದನಿ ಎಂದಿಗಿಂತ ತಗ್ಗಿತ್ತು. ಪಾಗಾರದ ಹತ್ತಿರ ಹೋಗಿ ನೋಡಿದೆ. ಆ ಕಿಟಕಿ ಇನ್ನೂ ಮುಚ್ಚಿಯೇ ಇತ್ತು.